ಎರಡನೇ ದಾರಿಯಲ್ಲಿ ಎಂಜಿನ್ ಏಕೆ ಕೆಡಲಿಲ್ಲ

ಸಿನಿಮಾ ಸೆಟ್ಟಿನಲ್ಲಿ ಕಂಟಿನ್ಯುಟಿ ನೋಡಿಕೊಳ್ಳುವವಳ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಒಂದು ಶಾಟಿನಲ್ಲಿ ಎಡಗೈಯಲ್ಲಿದ್ದ ಚೀಲ ಮುಂದಿನ ಶಾಟಿನಲ್ಲಿ ಬಲಗೈಗೆ ಹೋಗದಂತೆ ನೋಡಬೇಕು, ಗೋಡೆ ಗಡಿಯಾರದ ಮುಳ್ಳು ಹಿಂದಕ್ಕೆ ಓಡದಂತೆ ಕಾಯಬೇಕು, ಎಲ್ಲವನ್ನೂ ಬರೆದಿಡಬೇಕು. ಕಥೆ ಸರಿಯೋ ತಪ್ಪೋ ಎಂದು ಕೇಳುವುದು ನನ್ನ ಕೆಲಸವಲ್ಲವೆಂದು ನಾನೂ ಬಹಳ ಕಾಲ ನಂಬಿದ್ದೆ. ಭಟ್ಕಳ ತಾಲೂಕಿನ ಒಂದು ಚಿತ್ರೀಕರಣದಲ್ಲಿ ಆ ನಂಬಿಕೆ ಹೋಯಿತು. ಅದು ಹೋಗುವುದಕ್ಕೆ ಒಬ್ಬ ಹೆಂಗಸು ನನ್ನ ಕಣ್ಣೆದುರೇ ನೆಲದ ಮೇಲೆ ಕೂರಬೇಕಾಯಿತಲ್ಲ ಎಂಬ ಸಿಟ್ಟು ಇವತ್ತಿಗೂ ಇದೆ. ಆ ಸಿಟ್ಟಿನಲ್ಲಿ ನನ್ನ ಪಾಲೂ ಇದೆ.

ನಿರ್ದೇಶಕ ಕುಮಟೆಯವನು, ನನಗಿಂತ ಚಿಕ್ಕವನು, ನನ್ನನ್ನು ಅಕ್ಕ ಎಂದು ಕರೆಯುವವನು. ಒಂದೇ ಘಟನೆಯಿಂದ ಮೂರು ದಾರಿ ಒಡೆಯುವ ಸಿನಿಮಾ ಮಾಡಬೇಕೆಂಬುದು ಅವನ ಹಳೆಯ ಆಸೆ. ಒಂದು ಗಳಿಗೆ ಹೀಗಾದರೆ ಏನು, ಹಾಗಾದರೆ ಏನು, ಎರಡೂ ಆಗದಿದ್ದರೆ ಏನು ಎಂದು ಒಂದೇ ಬದುಕನ್ನು ಮೂರು ಸಲ ತೋರಿಸುವುದು. ಅದಕ್ಕೆ ಅವನು ಆರಿಸಿಕೊಂಡದ್ದು ನಿಜವಾಗಿ ನಡೆದ ಸಂಗತಿ. ಬೆಳಕೆ ಎಂಬ ಊರಿನಿಂದ ಸ್ವಲ್ಪ ದೂರದ ಒಂದು ಮೀನುಗಾರರ ಕೇರಿಯಲ್ಲಿ ಹನ್ನೊಂದು ವರ್ಷದ ಹಿಂದೆ ಮಳೆಗಾಲದಲ್ಲಿ ಎಂಜಿನ್ ಹಾಕಿದ ಒಂದು ನಾಡದೋಣಿ ಮಗುಚಿತ್ತು. ಐದು ಜನರಲ್ಲಿ ಮೂವರು ಈಜಿ ದಡ ಸೇರಿದರು, ಇಬ್ಬರು ಸತ್ತರು. ಸತ್ತವರಲ್ಲಿ ಒಬ್ಬ ಅಂದು ಬೆಳಿಗ್ಗೆ ಮನೆಯಿಂದ ಹೊರಟು ಸ್ವಲ್ಪ ದೂರ ಹೋಗಿದ್ದಾಗ ಹೆಂಡತಿ ಹಿಂದಿನಿಂದ ಕೂಗಿ ಕರೆದಿದ್ದಳು. ಬುತ್ತಿ ಡಬ್ಬಿ ಮರೆತಿದ್ದ. ಅವನು ತಿರುಗಿ ಬಂದು ಡಬ್ಬಿ ತೆಗೆದುಕೊಂಡು ಹೋದ.

ಹೊರಟವರನ್ನು, ಅದರಲ್ಲೂ ಕಡಲಿಗೆ ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಹೆಣ ದಡಕ್ಕೆ ಬರುವ ಮೊದಲೇ, "ಇವಳೇ ಕರ್ದದ್ದು" ಎಂದು ಅವಳ ವಾರಗಿತ್ತಿ ಹೇಳಿದ್ದಳಂತೆ. ಊರು ಆ ಮಾತನ್ನು ಬಿಡಲಿಲ್ಲ. ಗಂಡಸರು ಕಡಲಿಗೆ ಇಳಿಯುವ ಹೊತ್ತಿಗೆ ಆ ಹೆಂಗಸು ಬಾಗಿಲು ಹಾಕಿಕೊಂಡು ಒಳಗಿರಬೇಕಿತ್ತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಒಂದೆರಡು ಸಲ ಯಾರೋ ಮುಖ ತಿರುಗಿಸಿ ವಾಪಸು ಹೋದರು, ಅವಳಿಗೆ ಅರ್ಥವಾಯಿತು.

ನಿರ್ದೇಶಕನ ಮೂರು ದಾರಿಗಳು ಹೀಗಿದ್ದವು. ಮೊದಲನೆಯದರಲ್ಲಿ ಅವಳು ಕರೆಯುತ್ತಾಳೆ, ಅವನು ತಿರುಗುತ್ತಾನೆ, ದೋಣಿ ಮಗುಚುತ್ತದೆ. ಎರಡನೆಯದರಲ್ಲಿ ಅವಳು ಕರೆಯುವುದಿಲ್ಲ. ಅವನು ದೋಣಿ ತುಂಬ ಬಂಗಡೆ ತುಂಬಿಕೊಂಡು ಬರುತ್ತಾನೆ. ಮೂರನೆಯದರಲ್ಲಿ ಅವಳು ಕರೆದರೂ ಅವನು ತಿರುಗಿ ನೋಡುವುದಿಲ್ಲ. ಬದುಕಿ ಬರುತ್ತಾನೆ, ಆದರೆ ಇಬ್ಬರ ನಡುವೆ ಏನೋ ಮುರಿದಿರುತ್ತದೆ. ಕಥೆ ಓದಿದಾಗ ನನಗೆ ಚೆಂದ ಕಂಡಿತ್ತು. ಮೂರು ದಾರಿಗಳೂ ಆ ಹೆಂಗಸಿನ ಬಾಯಿಂದಲೇ ಹೊರಟಿವೆ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ನಾನು ಯೋಚಿಸಿದ್ದು ಬಳೆಗಳ ಬಗ್ಗೆ.

ಇಂಥ ಸಿನಿಮಾದಲ್ಲಿ ಕಂಟಿನ್ಯುಟಿ ಎಂದರೆ ಮೂರು ಪಟ್ಟು ಕೆಲಸ. ದುಡ್ಡು ಉಳಿಸಲು ಒಂದು ಜಾಗದ ಮೂರು ದಾರಿಯ ದೃಶ್ಯಗಳನ್ನೂ ಒಂದೇ ದಿನ ತೆಗೆಯುತ್ತಾರೆ. ಬೆಳಿಗ್ಗೆ ವಿಧವೆಯಾಗಿದ್ದ ನಟಿ ಚಹಾ ಕುಡಿದ ಮೇಲೆ ಮುತ್ತೈದೆ. ಊಟದ ನಂತರ ಗಂಡನೊಡನೆ ಮಾತು ಬಿಟ್ಟವಳು. ನಾನು ಮೂರು ಫೈಲು ಮಾಡಿದ್ದೆ: ಕೆಂಪು, ನೀಲಿ, ಹಸಿರು. ಬಾಗಿಲಿಂದ ಗಂಡ ಹೊರಡುವ ತನಕದ ಭಾಗ ಮೂರಕ್ಕೂ ಒಂದೇ. ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಇಡೀ ಆಟ ಕೆಡುತ್ತದೆ. ಡಬ್ಬಿಯ ಮುಚ್ಚಳದ ತಗ್ಗು ಯಾವ ಬದಿಗಿದೆ, ಅಂಗಿಯ ಎಷ್ಟನೇ ಗುಂಡಿ ಬಿಚ್ಚಿದೆ, ಒದ್ದೆ ಮರಳಿನ ಮೇಲೆ ಹೆಜ್ಜೆ ಎಷ್ಟಿವೆ, ಎಲ್ಲದಕ್ಕೂ ಫೋಟೋ, ಎಲ್ಲದಕ್ಕೂ ಟಿಪ್ಪಣಿ. ಸ್ಟಾಪ್‌ವಾಚ್ ಹಿಡಿದು ಬಾಗಿಲಿಂದ ದಂಡೆಯವರೆಗೆ ನಡೆದೆ: ಆರು ನಿಮಿಷ. ಡಬ್ಬಿಗಾಗಿ ತಿರುಗಿ ಬಂದು ಹೋಗಲು ಹೆಚ್ಚಾಗುವುದು ಎರಡು ನಿಮಿಷ. ಅದನ್ನೂ ಬರೆದೆ.

ಆ ಹೆಂಗಸನ್ನು ನಿರ್ದೇಶಕ ನಟಿಗೆ ಕೆಲಸ ಕಲಿಸಲೆಂದು ಸೆಟ್ಟಿಗೆ ಕರೆಸಿಕೊಂಡಿದ್ದ. ಮೀನು ಹೆರೆಯುವುದು, ಬುಟ್ಟಿ ತಲೆಗೇರಿಸುವುದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸುವುದು. ಭಟ್ಕಳದ ಮೀನು ಪೇಟೆಯಲ್ಲಿ ಕೂತು ಮಾರುವವಳು. ಮಾತು ಕಡಿಮೆ, ಕೈ ಚುರುಕು. ತನ್ನ ಕಥೆಯನ್ನೇ ಸಿನಿಮಾ ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ಕಾಗದಕ್ಕೆ ಸಹಿ ಹಾಕಿದ್ದಳು. ಮೂರು ದಾರಿಗಳಿವೆ ಎಂದು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಒಂಬತ್ತನೇ ದಿನ ಎರಡನೇ ದಾರಿಯ ಮುಖ್ಯ ದೃಶ್ಯ. ನಟಿ ಬಾಗಿಲಿಗೆ ಬರುತ್ತಾಳೆ, ಮೆಟ್ಟಿಲ ಮೇಲೆ ಡಬ್ಬಿ ಕಾಣುತ್ತದೆ, ಬಾಯಿ ತೆರೆಯುತ್ತಾಳೆ, ಕರೆಯದೆ ಮುಚ್ಚುತ್ತಾಳೆ. ಕೂಡಲೇ ಕಟ್. ಅದೇ ಬಾಗಿಲಿಗೆ ಸಂಜೆಯ ಬಿಸಿಲಲ್ಲಿ ಗಂಡ ಮೀನಿನ ಬುಟ್ಟಿ ಹೊತ್ತು ನಗುತ್ತ ಬರುತ್ತಾನೆ. ಎರಡೂ ಶಾಟ್ ಮುಗಿದ ಮೇಲೆ ನಿರ್ದೇಶಕ ಅವನ್ನು ಒಟ್ಟಿಗೆ ಹಾಕಿ ನೋಡುತ್ತಿದ್ದ. ಆ ಹೆಂಗಸು ನಮ್ಮ ಹಿಂದೆ ನಿಂತು ಮಾನಿಟರ್ ನೋಡುತ್ತಿದ್ದಳು.

"ಅದು ಕರೀಲೇ ಇಲ್ಲ," ಎಂದಳು ಪರದೆಯ ಮೇಲಿನ ನಟಿಯತ್ತ ಬೆರಳು ತೋರಿಸಿ.

"ಹೌದು ಅಮ್ಮ, ಇದು ಇನ್ನೊಂದು ದಾರಿ. ನೀವು ಕರೀದೇ ಇದ್ರೆ ಎಂತ ಆಗ್ತಿತ್ತು ಅಂತ," ಎಂದ ನಿರ್ದೇಶಕ. ಅವನ ದನಿಯಲ್ಲಿ ಉತ್ಸಾಹವಿತ್ತು.

"ಅದಕ್ಕೆ ಅಂವ ಬಂದ್ನಾ?"

ನಿರ್ದೇಶಕ ಮಾನಿಟರ್ ಕಡೆ ತಿರುಗಿದ.

"ಹಂಗಾದ್ರೆ ನಾ ಕರ್ದದ್ದಕ್ಕೇ ಅಂವ ಸತ್ತ ಅಂತ ನೀವೂ ಹೇಳುದು. ಅಲ್ದಾ?"

ಅವಳು ಅಳಲಿಲ್ಲ. ಅಲ್ಲೇ ಕೇಬಲ್‌ಗಳ ನಡುವೆ ಕೂತಳು. ನಟಿ ಓಡಿ ಬಂದು ಅವಳ ಪಕ್ಕದಲ್ಲಿ ಕೂತಳು. ಹೊನ್ನಾವರದ ರಂಗತಂಡದ ಹುಡುಗಿ, ಮುಖದ ಬಣ್ಣವನ್ನೂ ಒರೆಸಿರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಆ ಹೆಂಗಸು ಎದ್ದು, ಯಾರನ್ನೂ ನೋಡದೆ, ಕತ್ತಿ ಬುಟ್ಟಿ ತೆಗೆದುಕೊಂಡು ಮನೆಗೆ ಹೋದಳು. ನನ್ನ ಮಡಿಲಲ್ಲಿ ನೀಲಿ ಫೈಲು ತೆರೆದೇ ಇತ್ತು. "ಕರೆಯುವುದಿಲ್ಲ. ಗಂಡ ಮರಳುತ್ತಾನೆ" ಎಂದು ನಾನೇ, ನನ್ನ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದಿದ್ದೆ.

ಆ ರಾತ್ರಿ ಊಟದ ಹೊತ್ತಿಗೆ ನಿರ್ದೇಶಕನನ್ನು ಹಿಡಿದೆ.

"ಅಕ್ಕ, ಇದು ಕಲ್ಪನೆ," ಎಂದ. "ಕೋರ್ಟಲ್ಲ. ಅವರಿಗೆ ಬೇಜಾರಾತು, ನಂಗೂ ಬೇಜಾರೇ. ಆದ್ರೆ ಸಿನಿಮಾ ಅವರ ಮೇಲಲ್ಲ, ವಿಧಿ ಮೇಲೆ."

"ವಿಧಿಗೆ ಅವಳ ಬಾಯೇ ಬೇಕಾಯ್ತಾ?"

"ಎಲ್ಲಿಂದಾದ್ರೂ ಕವಲು ಒಡೀಬೇಕಲ್ಲ ಮಾರಾಯ್ತಿ!"

ಹನ್ನೊಂದು ವರ್ಷ ಒಂದು ಕೇರಿ ಪಿಸುಗುಟ್ಟಿದ್ದನ್ನು ನಾವು ಕ್ಯಾಮೆರಾ, ಬೆಳಕು, ಹಿನ್ನೆಲೆ ಸಂಗೀತ ಹಾಕಿ ನಿಜ ಮಾಡಿ ಕೊಡುತ್ತಿದ್ದೆವು. ಕೇರಿಯ ಬಳಿ ಪುರಾವೆ ಇರಲಿಲ್ಲ. ನಾವು ಪುರಾವೆ ತಯಾರಿಸುತ್ತಿದ್ದೆವು. ಇದನ್ನು ನಾನು ಅವನಿಗೆ ಸರಿಯಾಗಿ ಹೇಳಲಾಗಲಿಲ್ಲ, ಸಿಟ್ಟಿನಲ್ಲಿ ತೊದಲಿದೆ. ಅವನು ತಟ್ಟೆ ತೊಳೆಯಲು ಎದ್ದು ಹೋದ.

ಮರುದಿನ ಬೆಳಿಗ್ಗೆ ಕೆಂಪು ಮತ್ತು ನೀಲಿ ಫೈಲುಗಳನ್ನು ಪಕ್ಕ ಪಕ್ಕ ಇಟ್ಟು ಸಾಲಿಗೆ ಸಾಲು ಹೋಲಿಸಿದೆ. ಅದು ನನ್ನ ದಿನದ ಕೆಲಸವೇ. ಹೊರಡುವ ಹೊತ್ತು, ನಡಿಗೆ, ಗಾಳಿ, ಅಲೆ, ಜೊತೆಗಾರರು ಎಲ್ಲ ಒಂದೇ. ಕೆಂಪು ಫೈಲಿನಲ್ಲಿ, "ತೆರೆ ಒಡೆಯುವ ಜಾಗದಲ್ಲಿ ಎಂಜಿನ್ ನಿಲ್ಲುತ್ತದೆ, ದೋಣಿ ಅಡ್ಡ ತಿರುಗುತ್ತದೆ." ನೀಲಿಯಲ್ಲಿ, "ಎಂಜಿನ್ ಸರಿಯಾಗಿ ಓಡುತ್ತದೆ."

ಓದಿದ್ದನ್ನೇ ಮತ್ತೆ ಓದಿದೆ. ಹೆಂಡತಿ ಕರೆಯದಿದ್ದರೆ ಎಂಜಿನ್ ಏಕೆ ಸರಿಯಾಗುತ್ತದೆ?

ಆ ದಿನ ನನ್ನ ಅಗತ್ಯವಿಲ್ಲದ ಒಂದು ಹಾಡಿನ ಚಿತ್ರೀಕರಣವಿತ್ತು. ಬದುಕಿ ಉಳಿದ ಮೂವರಲ್ಲಿ ಒಬ್ಬ ಈಗ ಹೊನ್ನಾವರ ಬಂದರಿನ ಒಂದು ಐಸ್ ಕಾರ್ಖಾನೆಯಲ್ಲಿ ದುಡಿಯುತ್ತಾನೆಂದು ಕೇರಿಯಲ್ಲಿ ಕೇಳಿದ್ದೆ. ಬಸ್ ಹತ್ತಿದೆ. ಅವನು ಐಸ್ ಗಡ್ಡೆಗಳನ್ನು ಕೊಕ್ಕೆಯಿಂದ ಎಳೆದು ಯಂತ್ರಕ್ಕೆ ಹಾಕಿ ಪುಡಿ ಮಾಡಿಸುತ್ತಿದ್ದ. ನಾನು ಯಾರೆಂದು ಹೇಳಿದಾಗ ಮುಖ ಗಂಟಿಕ್ಕಿದ. ಆದರೂ ಕೈ ಒರೆಸಿಕೊಂಡು ಹೊರಗೆ ಬಂದು ಮೋಟುಗೋಡೆಯ ಮೇಲೆ ಕೂತ.

"ಅಂದು ಎಂಜಿನ್ ಹೇಗಿತ್ತು?" ಎಂದು ಮಾತ್ರ ಕೇಳಿದೆ.

"ಇಷ್ಟು ವರ್ಷ ಇದನ್ನು ಯಾರೂ ಕೇಳ್ಲಿಲ್ಲ," ಎಂದ.

ಎಂಜಿನ್ ಎರಡು ದಿನದ ಮೊದಲೇ ಕೈಕೊಡುತ್ತಿತ್ತಂತೆ. ಅಂದು ಬೆಳಿಗ್ಗೆ ಹಗ್ಗ ಎಳೆದೂ ಎಳೆದೂ ಅರ್ಧ ಗಂಟೆ ಅದು ಚಾಲೂ ಆಗಲೇ ಇಲ್ಲ. ದೋಣಿ ನಡೆಸುವ ತಾಂಡೇಲ, ಇವತ್ತು ಬೇಡ ಎಂದ. ಮಾಲೀಕನಿಗೆ ಫೋನ್ ಮಾಡಿದರು. "ಬೇರೆಯವರೆಲ್ಲ ಹೋಗಿದ್ದಾರೆ, ನಿಮಗೆ ಎಂತ ಆಗಿದೆ? ಇಳಿಸಿ," ಎಂದನಂತೆ ಮಾಲೀಕ. ದೋಣಿಯಲ್ಲಿ ಒಂದೂ ಲೈಫ್ ಜಾಕೆಟ್ ಇರಲಿಲ್ಲ.

"ಮತ್ತೆ ಆ ಎರಡು ನಿಮಿಷ? ಅವನು ತಡವಾಗಿ ಬಂದದ್ದು?"

"ಎಂತ ತಡ? ಅಂವ ಬಂದು ನಮ್ಮ ಸಂಗ್ತಿಗೆ ಕೂತಿದ್ದ. ಎಂಜಿನ್ ಚಾಲೂ ಆಗುವರೆಗೆ ಸುಮ್ನೆ ಎಂತ ಮಾಡುದು ಅಂತ ಡಬ್ಬಿ ಬಿಚ್ಚಿ ದೋಸೆ ತಿಂದ. ನಮಗೂ ಒಂದೊಂದು ಕೊಟ್ಟ."

"ಇದನ್ನು ಅವಳಿಗೆ ಯಾಕೆ ಹೇಳಲಿಲ್ಲ?"

"ಎಂಜಿನ್ ಮೊದ್ಲೇ ಕೆಟ್ಟಿತ್ತು ಅಂತ ಬಾಯಿ ಬಿಟ್ರೆ ಮುಂದೆ ಯಾರ ದೋಣಿಗೂ ಹತ್ತಿಸುದಿಲ್ಲ ಅಂತ ಮಾಲೀಕ ಹೇಳಿದ್ದ. ಅಷ್ಟರಲ್ಲಿ ಊರೆಲ್ಲ ಅವಳ ಮೇಲೆ ಮಾತು ಎದ್ದಿತ್ತು." ಅವನು ತಲೆ ತಗ್ಗಿಸಿದ. "ನಮಗೂ ಅದು ಅನುಕೂಲ ಆತು ಅಕ್ಕ. ಸುಳ್ಳು ಹೇಳುದಿಲ್ಲ."

ಬೇರೆ ದಿನವಾದರೆ ಈ ಪ್ರಾಮಾಣಿಕತೆಗೆ ನನ್ನ ಮನಸ್ಸು ಕರಗುತ್ತಿತ್ತೇನೋ. ಅಂದು ಕರಗಲಿಲ್ಲ. ಅವಳ ಕೈಯ ದೋಸೆ ತಿಂದು, ಕಡಲಿನಿಂದ ಬದುಕಿ ಬಂದು, ಅವಳ ಮೇಲೆ ಹೊರಿಸಿದ್ದನ್ನು ನೋಡುತ್ತ ಹನ್ನೊಂದು ವರ್ಷ ಬಾಯಿ ಮುಚ್ಚಿ ಕೂತವನು. "ಇದನ್ನು ಅವಳೆದುರು ಹೇಳಬೇಕು," ಎಂದೆ. ಅವನು ಒಪ್ಪಲೂ ಇಲ್ಲ, ಒಪ್ಪದೇ ಇರಲೂ ಇಲ್ಲ. "ನೀವೇ ಹೇಳಿ ಈಗ," ಎಂದು ಒಳಗೆ ಹೋದ.

ನಿರ್ದೇಶಕನಿಗಿಂತ ಮೊದಲು ನಾನು ಅವಳ ಮನೆಗೆ ಹೋದೆ. ಅಂಗಳದಲ್ಲಿ ಒಣಮೀನು ತಿರುವಿಹಾಕುತ್ತಿದ್ದಳು. ಕೇಳಿದ್ದನ್ನೆಲ್ಲ ಕೇಳಿದ ಕ್ರಮದಲ್ಲೇ ಹೇಳಿದೆ. ಎಂಜಿನ್, ಫೋನು, ಮಾಲೀಕನ ಮಾತು, ಎಲ್ಲವನ್ನೂ ತಲೆ ಎತ್ತದೆ ಕೇಳಿದಳು. ದೋಸೆಯ ಮಾತು ಬಂದಾಗ ಕೈ ನಿಂತಿತು.

"ತಿಂದ್ನಾ?"

"ತಿಂದನಂತೆ. ಎಲ್ಲರಿಗೂ ಕೊಟ್ಟನಂತೆ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, "ಹಂಗಾದ್ರೆ ನಾ ಕರೀದೇ ಇದ್ರೆ ಹಸ್ಕಂಡು ಹೋಗಿ ಸಾಯ್ತಿದ್ದ," ಎಂದಳು. "ಅಷ್ಟೇ ಅಲ್ದಾ ತಂಗಿ, ಬದಲಾಗುದು?"

"ಅಷ್ಟೇ," ಎಂದೆ.

"ಇದನ್ನು ಹೇಳುಕೆ ಅವನಿಗೆ ಹನ್ನೊಂದು ವರ್ಷ ಬೇಕಾತಾ?" ಎಂದು ಎದ್ದು ನಿಂತಳು. ಅವಳ ದನಿ ಏರಿದ್ದನ್ನು ನಾನು ಮೊದಲ ಸಲ ಕೇಳಿದೆ. "ನನ್ನ ಮಗಳು ಶಾಲೆಗೆ ಹೋಗುವಾಗ ಮಕ್ಕಳು ಎಂತ ಹೇಳ್ತಿದ್ರು ಅಂತ ಅವನಿಗೆ ಗೊತ್ತುಂಟಾ? ಮಾಲೀಕನಿಗೆ ಗೊತ್ತುಂಟಾ? ನಿಮಗೆ ಗೊತ್ತುಂಟಾ?" ಆ ಕೊನೆಯ ಪ್ರಶ್ನೆ ನನಗೇ.

ನಿರ್ದೇಶಕನ ಎದುರು ಈ ಸಲ ನಾನು ತೊದಲಲಿಲ್ಲ. ನ್ಯಾಯದ ಮಾತು ಎತ್ತಿದರೆ ಅವನು ಕಲೆಯ ಮಾತು ಎತ್ತುತ್ತಾನೆಂದು ಗೊತ್ತಿತ್ತು. ಅದಕ್ಕೇ ನನ್ನ ಕೆಲಸದ ಮಾತನ್ನೇ ಆಡಿದೆ. ನಟಿ ಮತ್ತು ಕ್ಯಾಮೆರಾಮನ್ ಇದ್ದಾಗಲೇ ಎರಡು ಫೈಲುಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟೆ.

"ಇಲ್ಲಿ ಕಂಟಿನ್ಯುಟಿ ತಪ್ಪಿದೆ. ಇದಕ್ಕೆ ನಾನು ಸಹಿ ಹಾಕುವುದಿಲ್ಲ."

"ಎಂತ ತಪ್ಪಿದೆ?"

"ಈ ಥರದ ಸಿನಿಮಾಕ್ಕೆ ಇರುವುದೇ ಒಂದು ನಿಯಮ. ಒಂದನ್ನು ಮಾತ್ರ ಬದಲಿಸಬೇಕು. ಉಳಿದದ್ದು ಅದರಿಂದ ತಾನಾಗಿ ಬದಲಾಗಬೇಕು. ನೀನು ಎರಡು ಬದಲಿಸಿದ್ದೀಯ. ಅವಳ ಕರೆಯನ್ನೂ ತೆಗೆದೆ, ಎಂಜಿನ್ನನ್ನೂ ರಿಪೇರಿ ಮಾಡಿದೆ. ಎರಡನೇ ದಾರಿಯಲ್ಲಿ ಎಂಜಿನ್ ಏಕೆ ಕೆಡಲಿಲ್ಲ, ಹೇಳು."

"ಅದು ಅಪಶಕುನದ..." ಎಂದು ಶುರು ಮಾಡಿದ.

"ಅಪಶಕುನ ಪ್ಲಗ್ಗಿನೊಳಗೆ ಹೋಗುತ್ತದಾ?" ಎಂದ ಕ್ಯಾಮೆರಾಮನ್. ಅವನಿಗೆ ನಗು ಬಂದಿತ್ತು. ನಿರ್ದೇಶಕನಿಗೆ ಬರಲಿಲ್ಲ. ಫೈಲು ಹತ್ತಿರ ಎಳೆದುಕೊಂಡು ತಾನೇ ಓದಿದ. ಅವನು ಕೆಟ್ಟವನಲ್ಲ, ಚಿಕ್ಕಂದಿನಿಂದ ಕೇಳಿದ ಮಾತನ್ನು ತಿರುವಿ ನೋಡದೆ ಕಥೆಯೊಳಗೆ ಇಟ್ಟಿದ್ದ. ಹೊನ್ನಾವರದಲ್ಲಿ ಕೇಳಿದ್ದನ್ನೂ ಹೇಳಿದೆ. ಆಗ ನಟಿ, "ಸರ್, ಆ ಶಾಟನ್ನು ನಾನು ಇನ್ನೊಮ್ಮೆ ಮಾಡುದಿಲ್ಲ. ತೆಗೆದದ್ದನ್ನು ಹಾಕಿದ್ರೆ ಡಬ್ಬಿಂಗಿಗೂ ಬರುದಿಲ್ಲ," ಎಂದಳು.

"ದೋಣಿ ಯಾರದ್ದು ಅಂತ ಗೊತ್ತುಂಟಲ್ಲ?" ಎಂದ ನಿರ್ದೇಶಕ ಮೆಲ್ಲಗೆ.

ಗೊತ್ತಿತ್ತು. ಚಿತ್ರೀಕರಣಕ್ಕೆ ದೋಣಿ ಕೊಟ್ಟವನು, ದಂಡೆಯ ಮೇಲೆ ಶಾಮಿಯಾನ ಹಾಕಿಸಿದವನು, ಮೊದಲ ದಿನ ನಮಗೆಲ್ಲ ಎಳನೀರು ಕುಡಿಸಿದವನು ಅದೇ ಮಾಲೀಕ. ಬದಲಾದ ಕಥೆ ಅವನ ಕಿವಿಗೆ ಬೀಳಲು ಒಂದು ದಿನವೂ ಬೇಕಾಗಲಿಲ್ಲ. ಸ್ಕೂಟರಿನಲ್ಲಿ ಬಂದ, ಇಳಿಯದೆ ಮಾತಾಡಿದ.

"ಹೆಂಗಸರ ಮಾತು ಕೇಳಿ ಸಿನಿಮಾ ಮಾಡ್ತ್ರಾ? ಕರ್ದದ್ದು ಸುಳ್ಳಾ? ಅದೇ ಹೇಳ್ಲಿ, ಕರೀಲಿಲ್ಲ ಅಂತ!"

"ಕರೆದದ್ದು ನಿಜ," ಎಂದೆ. "ನೀವು ಫೋನಿನಲ್ಲಿ ಇಳಿಸಿ ಅಂದದ್ದು?"

ಅವನು ನನ್ನನ್ನು ನೋಡಲೇ ಇಲ್ಲ. "ನಾಳೆಯಿಂದ ನನ್ನ ದೋಣಿ ಮುಟ್ಟುದು ಬೇಡ," ಎಂದು ನಿರ್ದೇಶಕನಿಗೆ ಹೇಳಿ ಹೋದ. ಸಂಜೆಯೊಳಗೆ ಶಾಮಿಯಾನ ಬಿಚ್ಚಿದರು.

ನಿರ್ದೇಶಕ ಹಿಂಜರಿಯುತ್ತಾನೆಂದು ನಾನು ಹೆದರಿದ್ದೆ. ಅವನು ಬಿಚ್ಚಿದ ಶಾಮಿಯಾನದ ಗೂಟಗಳ ಹತ್ತಿರ ನಿಂತು ಸ್ವಲ್ಪ ಹೊತ್ತು ಮರಳು ಒದ್ದ. ಆಮೇಲೆ, "ಅಕ್ಕ, ಕುಮಟೆ ಕಡೆ ದೋಣಿ ಸಿಕ್ಕಿದ್ರೆ ಇಲ್ಲಿ ತೆಗೆದದ್ದಕ್ಕೆ ಕೂಡಿಸುಕೆ ಆಗ್ತದಾ?" ಎಂದ.

ಕೂಡಿಸುವುದು ಸುಲಭವಿರಲಿಲ್ಲ. ಕುಮಟೆ ಕಡೆಯ ದಂಡೆಯಲ್ಲಿ ಸಿಕ್ಕ ದೋಣಿ ಹಸಿರು, ಇಲ್ಲಿಯದು ನೀಲಿ. ದೋಣಿಯವರನ್ನು ಒಪ್ಪಿಸಿ ಒಂದು ಬದಿಗೆ ಮಾತ್ರ ನೀಲಿ ಬಣ್ಣ ಹೊಡೆಸಿದೆವು. ಕ್ಯಾಮೆರಾ ಆ ಬದಿ ಬಿಟ್ಟು ಆಚೆ ಹೋಗಬಾರದು. ಅಲ್ಲಿಯ ಮರಳು ಕಪ್ಪು ಹೆಚ್ಚು. ನೆಲ ಕಾಣದ ಹಾಗೆ ಕೆಳಗಿನಿಂದ ಕೋನ ಹಿಡಿಯಬೇಕಾಯಿತು. ಕಡಲಿನ ಭರತ ಇಳಿತದ ಹೊತ್ತು ಬೇರೆಯಾದ್ದರಿಂದ ಒಂದು ಶಾಟಿಗೆ ನಾಲ್ಕು ಗಂಟೆ ಕಾದೆವು. ಐಸ್ ಕಾರ್ಖಾನೆಯವನು ಎರಡನೇ ದಿನ, ಕರೆಯದಿದ್ದರೂ ಬಂದ. ಎಂಜಿನ್ನಿನ ಹಗ್ಗವನ್ನು ಹೇಗೆ ಎಳೆಯುತ್ತಿದ್ದರು, ಯಾರು ಎಲ್ಲಿ ಕೂತಿದ್ದರು, ತಾಂಡೇಲ ಫೋನನ್ನು ಯಾವ ಕಿವಿಗೆ ಹಿಡಿದಿದ್ದ ಎಂದು ತೋರಿಸಿಕೊಟ್ಟ. ನಾನು ಎಲ್ಲವನ್ನೂ ಬರೆದುಕೊಂಡೆ. ಅವನೊಡನೆ ಬೇರೆ ಮಾತು ಆಡಲಿಲ್ಲ.

ಹೀಗೆ ಮೂರು ದಾರಿಗಳು ಬದಲಾದವು. ಮೊದಲನೆಯದು ನಡೆದದ್ದು ನಡೆದ ಹಾಗೆ. ಎರಡನೆಯದರಲ್ಲಿ ಅವಳು ಕರೆಯುವುದಿಲ್ಲ. ಅವನು ದಂಡೆಯಲ್ಲಿ ಬರಿಗೈಯಲ್ಲಿ ಕೂರುತ್ತಾನೆ, ಅದೇ ಎಂಜಿನ್, ಅದೇ ಫೋನು, ಅದೇ ತೆರೆ. ಮೂರನೆಯದರಲ್ಲಿ ಅವಳು ಕರೆಯುತ್ತಾಳೆ, ಆದರೆ ಫೋನಿನ ಆಚೆಯ ದನಿ, "ಹಂಗಾರೆ ಇವತ್ತು ಬೇಡ," ಎನ್ನುತ್ತದೆ. ಐದು ಜನ ಬೈದುಕೊಳ್ಳುತ್ತ ದೋಣಿಯನ್ನು ಮೇಲಕ್ಕೆ ಎಳೆಯುತ್ತಾರೆ, ಚಹಾದಂಗಡಿಗೆ ನಡೆಯುತ್ತಾರೆ. ಅಷ್ಟೇ. ಆ ದೃಶ್ಯಕ್ಕೆ ಸಂಗೀತ ಬೇಡವೆಂದು ನಿರ್ದೇಶಕನೇ ಹೇಳಿದ.

ಮೊದಲ ಪ್ರದರ್ಶನ ಹೊನ್ನಾವರದ ಒಂದು ಸಭಾಭವನದಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಕೇರಿಯಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು. ಆ ಹೆಂಗಸು ಕಾಲೇಜಿಗೆ ಹೋಗುವ ಮಗಳೊಡನೆ ಬೇರೆಯಾಗಿ ಬಸ್ಸಿನಲ್ಲಿ ಬಂದು, ಮುಂದಿನ ಸಾಲಿನಲ್ಲಿ ಕೂತಳು. ಮಾಲೀಕ ಬರಲಿಲ್ಲ. ಅವನಿಗೆ ಏನೂ ಆಗಿಲ್ಲ, ಆಗುವುದೂ ಇಲ್ಲ. ಹಳೆಯ ಕಡತ ಎಂದೋ ಮುಚ್ಚಿದೆ, ಅವನ ದೋಣಿಗಳು ಈಗಲೂ ಇಳಿಯುತ್ತವೆ. ಒಂದು ಸಿನಿಮಾದಿಂದ ಅದಕ್ಕಿಂತ ಹೆಚ್ಚಿನದನ್ನು ಬಯಸಿದ್ದು ನನ್ನ ದಡ್ಡತನವಿರಬಹುದು. ಆದರೂ ಬಯಸಿದ್ದೆ.

ಎರಡನೇ ದಾರಿಯಲ್ಲೂ ದೋಣಿ ಮಗುಚಿದಾಗ ಕೇರಿಯವರ ತಲೆಗಳು ಮುಂದಿನ ಸಾಲಿನ ಕಡೆ ತಿರುಗಿದವು. ದೀಪ ಹತ್ತಿದ ಮೇಲೆ ಜನ ಎದ್ದರೂ ಹೊರಗೆ ಹೋಗಲಿಲ್ಲ. ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬಳು ಅಳುತ್ತ ಬಂದಳು. ಅದೇ ವಾರಗಿತ್ತಿ. ಬಂದವಳು ಆ ಹೆಂಗಸಿನ ಎರಡೂ ಕೈ ಹಿಡಿದು, "ತಪ್ಪಾತು ಮಾರಾಯ್ತಿ, ನಂದು ತಪ್ಪಾತು," ಎಂದಳು. ಕ್ಯಾಮೆರಾಮನ್ ಕಣ್ಣು ಒರೆಸಿಕೊಂಡ. ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ನನಗೂ ಅನ್ನಿಸಿತು.

ಆ ಹೆಂಗಸು ಕೈ ಬಿಡಿಸಿಕೊಂಡಳು.

"ಇಲ್ಲಿ ಬೇಡ," ಎಂದಳು. "ಇಲ್ಲಿ ಅರ್ಧಕ್ಕರ್ಧ ಜನಕ್ಕೆ ನನ್ನ ಗುರ್ತಿಲ್ಲ. ನಾಳೆ ಮೀನು ಪೇಟೆಲಿ ಹೇಳು. ಎಲ್ಲ ಕೂತಾಗ ಹೇಳು."

ಮಗಳ ಭುಜ ಹಿಡಿದು ಹೊರಗೆ ನಡೆದಳು.

ಹದಿನೈದು ದಿನ ಬಿಟ್ಟು ಭಟ್ಕಳಕ್ಕೆ ಹೋಗಿದ್ದೆ. ಪೇಟೆಯಲ್ಲಿ ಅವಳು ನೊಗಲಿ ಮೀನಿನ ರಾಶಿ ಹಾಕಿಕೊಂಡು ಕೂತಿದ್ದಳು. ಗಿರಾಕಿಗಳು ಕಡಿಮೆಯಾಗುವ ತನಕ ಕಾದು, ಕೇಳಬಾರದಿತ್ತೇನೋ, ಕೇಳಿದೆ: "ವಾರಗಿತ್ತಿ ಬಂದಿದ್ದಳಾ?"

"ಬಂದಿತ್ತು."

"ಹೇಳಿದಳಾ?"

"ಹೇಳ್ತು. ಮೆಲ್ಲಗೆ ಹೇಳ್ತು." ಅವಳು ಒಂದು ಮೀನು ಎತ್ತಿ ಕಿವಿರು ಬಿಡಿಸಿ ನೋಡಿ ಪಕ್ಕಕ್ಕಿಟ್ಟಳು. "ನಂಗೆ ಕೇಳ್ಲಿಲ್ಲ ಅಂದೆ. ಮತ್ತೊಂದ್ಸಲ ಹೇಳ್ತು, ದೊಡ್ಡಕೆ."